ತಲೆಕೆಳಗಾದ ಸೈಕಲ್ಲು ಮತ್ತು ಕೈ ಮರೆತ ನಗರ

ಬೆಂಗಳೂರಿನಲ್ಲಿ ಇಂದು ಸೈಕಲ್ ಕೊಳ್ಳುವುದು ಬಹಳ ಸುಲಭ. ಕೆಲವು ಸಾವಿರ ರೂಪಾಯಿಗಳಿಂದ ಹಿಡಿದು ಹಲವು ಲಕ್ಷ ರೂಪಾಯಿಗಳವರೆಗೆ, ಜೇಬಿನ ತೂಕಕ್ಕೆ ತಕ್ಕ ಸೈಕಲ್ಲು ಮನೆಯ ಬಾಗಿಲಿಗೇ ಬಂದು ಇಳಿಯುತ್ತದೆ. ಆದರೆ ಇದೇ ನಗರದಲ್ಲಿ ಒಬ್ಬ ನಾಗರಿಕ ತನಗೆ ಬೇಕಾದ ಸೈಕಲ್ಲನ್ನು ತಾನೇ ಕಟ್ಟಿಕೊಳ್ಳುತ್ತೇನೆಂದು ಹೊರಟರೆ ಅವನಿಗೆ ಎದುರಾಗುವ ಮೊದಲ ಪ್ರಶ್ನೆ ‘ಹೇಗೆ?’ ಎಂಬುದಲ್ಲ, ‘ಏಕೆ?’ ಎಂಬುದು. ಒಂದು ಕಾಲಕ್ಕೆ ಈ ಊರಿನವರು ‘ಹೇಗೆ’ ಎಂದು ಕೇಳುತ್ತಿದ್ದರು. ಈ ಎರಡು ಪ್ರಶ್ನೆಗಳ ನಡುವಿನ ಅಂತರದಲ್ಲಿ ನಮ್ಮ ನಗರದ ಕಳೆದ ಮೂರು ದಶಕಗಳ ಚರಿತ್ರೆಯ ಒಂದು ಮುಖ್ಯ ಭಾಗ ಅಡಗಿದೆಯೆಂದು ನನ್ನ ಭಾವನೆ.

ಪೀಣ್ಯದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂರು ದಶಕ ದುಡಿದು ನಿವೃತ್ತನಾದವನು ನಾನು. ದಾಸರಹಳ್ಳಿಯಲ್ಲಿರುವ ನಮ್ಮ ಮನೆಯ ಕಾರ್ ಷೆಡ್ಡಿನಲ್ಲಿ ಕಾರಿಲ್ಲ. ಒಂದು ವೈಸು, ಕೈ ಗ್ರೈಂಡರು, ಡ್ರಿಲ್ಲಿಂಗ್ ಯಂತ್ರ, ಗೋಡೆಗೆ ಸಾಲಾಗಿ ನೇತುಹಾಕಿದ ಅರಗಳು, ಹ್ಯಾಕ್ಸಾ, ಸ್ಪ್ಯಾನರುಗಳು ಇವೆ. ಕಳೆದ ವರ್ಷ ಹನ್ನೊಂದು ಭಾನುವಾರಗಳನ್ನು ಅಲ್ಲಿ ಕಳೆದು ನಾನೂ, ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ ಎದುರುಮನೆಯ ಯುವಕನೂ ಸೇರಿ ಒಂದು ಸೈಕಲ್ಲು ಕಟ್ಟಿದೆವು. ಅದರ ವಿಶೇಷವೆಂದರೆ ಅದರ ಫ್ರೇಮು ತಲೆಕೆಳಗಾಗಿದೆ. ಖರ್ಚು ನಾಲ್ಕು ಸಾವಿರ ರೂಪಾಯಿ ಮೀರಲಿಲ್ಲ. ನೆರೆಹೊರೆಯವರು ಇದನ್ನು ಹುಚ್ಚಾಟವೆಂದರು. ಹುಚ್ಚಾಟವೇ ಇರಬಹುದು, ಆದರೆ ಅದು ಕಲಿಸಿದ ಪಾಠ ಹುಚ್ಚಾಟದ್ದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ತಲೆಕೆಳಗಾದ ಫ್ರೇಮು ಎಂದರೇನು? ಅಡ್ಡಬಾರಿರುವ ಹಳೆಯ ಕಪ್ಪು ಸೈಕಲ್ಲನ್ನು ಕಣ್ಣೆದುರು ತಂದುಕೊಳ್ಳಿ. ಅದರ ಫ್ರೇಮಿನಲ್ಲಿ ಎರಡು ತ್ರಿಕೋನಗಳಿವೆ. ಅವೆರಡೂ ಕೂಡುವ ಕೆಳಮೂಲೆಯಲ್ಲಿ ಪೆಡಲಿನ ಅಚ್ಚು ಕೂರುತ್ತದೆ. ಚಕ್ರ, ಫೋರ್ಕು, ಸೀಟು, ಹ್ಯಾಂಡಲುಗಳನ್ನೆಲ್ಲ ಬಿಚ್ಚಿ, ಆ ಕೆಳಮೂಲೆ ಮೇಲೆ ಬರುವಂತೆ ಫ್ರೇಮನ್ನು ಮಗುಚಬೇಕು. ಆಮೇಲೆ ಹಿಂದಿನ ಚಕ್ರದ ಅಚ್ಚನ್ನು ಆಧಾರವಾಗಿಟ್ಟುಕೊಂಡು ಮುಂಭಾಗವನ್ನು ಮೇಲೆತ್ತಿ, ಹ್ಯಾಂಡಲಿನ ಕೊಳವೆಗೆ ಅದರ ಇನ್ನೊಂದು ತುದಿಯಿಂದ ಫೋರ್ಕನ್ನು ತೂರಿಸಬೇಕು. ಆಗ ನೆಲದಿಂದ ಸುಮಾರು ಒಂದಡಿ ಎತ್ತರದಲ್ಲಿದ್ದ ಪೆಡಲಿನ ಅಚ್ಚು ಎರಡೂವರೆ ಅಡಿಗೆ ಏರುತ್ತದೆ. ಅದರ ಮೇಲೆ ಸೀಟಿಗೊಂದು ಹೊಸ ಕೊಳವೆ, ಹ್ಯಾಂಡಲಿಗೆ ಸುಮಾರು ಎರಡಡಿಯ ಇನ್ನೊಂದು ಕೊಳವೆ. ಸೀಟು ನಾಲ್ಕೂವರೆ ಅಡಿ ಎತ್ತರದಲ್ಲಿ ನಿಲ್ಲುತ್ತದೆ. ಸವಾರನ ಕಣ್ಣು ಕಾರುಗಳ ಛಾವಣಿಯನ್ನು ದಾಟಿ ನೋಡುತ್ತದೆ. ಆದರೂ ಚೈನಿಗೆ ಒಂದು ಕೊಂಡಿಯನ್ನೂ ಹೆಚ್ಚಿಗೆ ಸೇರಿಸಬೇಕಾಗಿಲ್ಲ. ಏಕೆಂದರೆ ಫ್ರೇಮು ಮಗುಚಿದರೂ ಪೆಡಲಿನ ಅಚ್ಚಿಗೂ ಹಿಂಗಾಲಿಯ ಅಚ್ಚಿಗೂ ಇರುವ ದೂರ ಬದಲಾಗುವುದಿಲ್ಲ. ಯುರೋಪು, ಅಮೆರಿಕಗಳಲ್ಲಿ ಹವ್ಯಾಸಿಗಳು ಇಂಥವನ್ನು ಕಟ್ಟಿ ‘ಟಾಲ್ ಬೈಕ್’ ಎಂದು ಕರೆಯುತ್ತಾರೆ.

ಫ್ರೇಮು ನಮಗೆ ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಕ್ಕಿತು. ಅದು ಅಟ್ಲಾಸ್ ಸೈಕಲ್ಲು. 1951ರಲ್ಲಿ ಸೋನೀಪತ್‌ನಲ್ಲಿ ಆರಂಭವಾದ ಆ ಕಂಪನಿಯ ಕೊನೆಯ ದೊಡ್ಡ ಕಾರ್ಖಾನೆ, ದೆಹಲಿ ಬಳಿಯ ಸಾಹಿಬಾಬಾದಿನದು, 2020ರ ಜೂನ್ 3ರಂದು ಉತ್ಪಾದನೆ ನಿಲ್ಲಿಸಿತು. ಅಂದು ವಿಶ್ವ ಸೈಕಲ್ ದಿನ! ಒಂದು ತಲೆಮಾರಿನ ಹಾಲಿನವರು, ಪೋಸ್ಟ್‌ಮನ್ನರು, ಮೇಷ್ಟ್ರುಗಳು ತುಳಿದ ಸೈಕಲ್ಲದು. ಹುಡುಗರಾಗಿದ್ದಾಗ ನಾವು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತಂದು, ಕಾಲು ನಿಲುಕದೆ ಬಾರಿನ ಸಂದಿಯಲ್ಲಿ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿತದ್ದೂ ಇಂಥದೇ ಸೈಕಲ್ಲಿನಲ್ಲಿ. ಅದರ ಕೊಳವೆಗಳು ಇಂದಿಗೂ ಗಟ್ಟಿ. ಕೊಂಡು ಬಳಸಿ ಬಿಸಾಡುವ ಕಾಲಕ್ಕಿಂತ ಮುಂಚೆ, ರಿಪೇರಿಯಾಗಲೆಂದೇ ಮಾಡಿದ ವಸ್ತು ಅದು.

ಯುವಕ ಕಂಪ್ಯೂಟರಿನಲ್ಲಿ ಚಿತ್ರ ಬರೆದ. ನಾನು ಷೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ಣ ಅಳತೆಯ ಚಿತ್ರ ಬರೆದೆ. ಎರಡೂ ಲೆಕ್ಕ ಒಂದೇ ಕಡೆ ಬಂದು ನಿಂತವು. ಫ್ರೇಮನ್ನು ಮಗುಚಿ ಮೇಲೆತ್ತಿದಾಗ ಹ್ಯಾಂಡಲಿನ ಕೊಳವೆಯ ಓರೆ ಬದಲಾಗುತ್ತದೆ; ನಮ್ಮದರಲ್ಲಿ ನೆಲಕ್ಕೆ ಸುಮಾರು 67 ಡಿಗ್ರಿ ಇದ್ದದ್ದು 62ಕ್ಕೆ ಇಳಿಯಿತು. ಐದು ಡಿಗ್ರಿ ಎಂದರೆ ಅಲ್ಪವೆನ್ನಿಸಬಹುದು. ಆದರೆ ಆ ಐದು ಡಿಗ್ರಿಯಿಂದ ಮುಂದಿನ ಚಕ್ರ ನೆಲ ಮುಟ್ಟುವ ಬಿಂದು, ಹ್ಯಾಂಡಲಿನ ರೇಖೆಗಿಂತ ಇನ್ನಷ್ಟು ಹಿಂದೆ ಬೀಳುತ್ತದೆ. ವೇಗದಲ್ಲಿ ಸೈಕಲ್ಲು ನೇರವಾಗಿ, ಗಂಭೀರವಾಗಿ ಹೋಗುತ್ತದೆ. ನಿಧಾನಿಸಿದರೆ ಹ್ಯಾಂಡಲು ತಾನಾಗಿ ಪಕ್ಕಕ್ಕೆ ವಾಲುತ್ತದೆ. ಸೀಟಿನದು ಇನ್ನೊಂದು ಲೆಕ್ಕ. ಅದು ಹಿಂಗಾಲಿಯ ಅಚ್ಚಿನ ನೇರ ಮೇಲಕ್ಕೆ ಬಂದರೆ ಸಣ್ಣ ಏರಿನಲ್ಲೂ ಮುಂಗಾಲಿ ನೆಲ ಬಿಟ್ಟು ಎದ್ದೀತು. ಆದ್ದರಿಂದ ಸೀಟಿನ ಕೊಳವೆಯನ್ನು ವಾಡಿಕೆಯಂತೆ ಹಿಂದಕ್ಕೆ ಒರಗಿಸದೆ ನೆಟ್ಟಗೆ ನಿಲ್ಲಿಸಿದೆವು. ಪಠ್ಯಪುಸ್ತಕದಲ್ಲಿ ಗುರುತ್ವ ಕೇಂದ್ರದ ಪಾಠ ಓದಿ ಅಂಕ ಗಳಿಸಿದ ಯುವಕ, ಗುರುತ್ವ ಕೇಂದ್ರವನ್ನು ತನ್ನ ಸೊಂಟದಲ್ಲಿ ಅನುಭವಿಸಿದ್ದು ಅದೇ ಮೊದಲಂತೆ.

ಬೆಸುಗೆಯ ಕೆಲಸವನ್ನು ನಾವು ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ಒತ್ತೊತ್ತಾಗಿ ಮನೆಗಳಿರುವ ಬೀದಿಯಲ್ಲಿ ಗ್ಯಾಸ್ ಸಿಲಿಂಡರು ಇಟ್ಟು ಬೆಂಕಿ ಹಚ್ಚುವುದು ಸರಿಯಲ್ಲ. ಪೀಣ್ಯದಲ್ಲಿ ನನಗೆ ಹಳೆಯ ಪರಿಚಯದ ವೆಲ್ಡಿಂಗ್ ಷೆಡ್ಡಿದೆ. ಸೀಟಿಗೆಂದು ಯುವಕ ಹಾರ್ಡ್‌ವೇರ್ ಅಂಗಡಿಯಿಂದ ಹೊಳೆಯುವ ಜಿ.ಐ. ಪೈಪು ತಂದಿದ್ದ. ಅದನ್ನು ನೋಡಿದ್ದೇ ವೆಲ್ಡರು, ‘ಇದು ಬೇಡ ಸಾರ್, ಇದರ ಹೊಗೆ ಕುಡಿದ್ರೆ ರಾತ್ರಿ ಜ್ವರ ಬರುತ್ತೆ’ ಎಂದು ಬದಿಗಿಟ್ಟ. ಕಬ್ಬಿಣದ ಮೇಲಿನ ಸತುವಿನ ಲೇಪ ಕಾದಾಗ ಏಳುವ ಹೊಗೆ ಜ್ವರ ತರುತ್ತದೆಂಬುದು ವೈದ್ಯಶಾಸ್ತ್ರಕ್ಕೆ ಗೊತ್ತಿರುವ ಸಂಗತಿ. ಈತನಿಗೆ ಅದು ಮೈಗೆ ಗೊತ್ತಿರುವ ಸಂಗತಿ. ಸೈಕಲ್ಲಿನ ಕೊಳವೆಯ ಗೋಡೆ ತೆಳುವಾದ್ದರಿಂದ ಕರೆಂಟಿನ ಬೆಸುಗೆಯಲ್ಲಿ ತೂತು ಬೀಳುವ ಭಯವಿತ್ತು. ಹಾಗಾಗಿ ಆತ ಗ್ಯಾಸಿನಲ್ಲಿ ಕಾಯಿಸಿ ಹಿತ್ತಾಳೆ ಕರಗಿಸಿ ಕೂಡಿಸಿದ. ಕಾರ್ಖಾನೆಯಲ್ಲಿ ಆ ಫ್ರೇಮನ್ನು ಮೊದಲು ಕೂಡಿಸಿದ ಕ್ರಮವೂ ಅದೇ.

ಇನ್ನೂ ದೊಡ್ಡ ಪಾಠ ಪಕ್ಕದ ರಸ್ತೆಯ ಲೇತ್‌ನಲ್ಲಿತ್ತು. ಪೆಡಲಿನ ಅಚ್ಚು ಕೂರುವ ಡಬ್ಬಿಯನ್ನು ಶುದ್ಧ ಮಾಡಿಸಲು ಹೋದಾಗ ಲೇತ್ ಆಪರೇಟರು ಫ್ರೇಮನ್ನು ಕೈಯಲ್ಲಿ ಒಮ್ಮೆ ಹೊರಳಿಸಿ ನೋಡಿ, ‘ಚೈನು ಯಾವ ಕಡೆ ಬರುತ್ತೆ ಸಾರ್?’ ಎಂದು ಕೇಳಿದ. ಬಲಗಡೆಯೇ ಎಂದೆ. ‘ಹಂಗಾದ್ರೆ ಥ್ರೆಡ್ಡು ಉಲ್ಟಾ ಆಗುತ್ತಲ್ಲ’ ಎಂದ. ಯುವಕನಿಗೆ ಅರ್ಥವಾಗಲಿಲ್ಲ, ಆತ ಬೋಲ್ಟೊಂದನ್ನು ತಿರುಗಿಸಿ ತೋರಿಸಿದ. ಸೈಕಲ್ಲಿನ ಬಲಗಡೆಯ ಕಪ್ಪಿಗೆ ಬೇಕೆಂದೇ ಎಡತಿರುವಿನ ಥ್ರೆಡ್ಡು ಕೊಟ್ಟಿರುತ್ತಾರೆ. ಇಲ್ಲದಿದ್ದರೆ ಪೆಡಲು ತುಳಿದಂತೆಲ್ಲ ಕಪ್ಪು ತಾನಾಗಿ ಸಡಿಲವಾಗುತ್ತ ಬರುತ್ತದೆ. ಫ್ರೇಮು ಮಗುಚಿದಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಆದರೆ ಥ್ರೆಡ್ಡಿನ ತಿರುವು ಮಾತ್ರ ಹೇಗಿತ್ತೋ ಹಾಗೆಯೇ ಉಳಿಯುತ್ತದೆ. ಹೊರಗಿನ ಆಕಾರವನ್ನು ಮಗುಚಬಹುದು, ಒಳಗಿನ ತಿರುವನ್ನಲ್ಲ! ಆತ ಡಬ್ಬಿಗೊಂದು ಸಣ್ಣ ರಂಧ್ರ ಕೊರೆದು, ಗ್ರಬ್ ಸ್ಕ್ರೂ ಕೂರಿಸಿ, ಕಪ್ಪು ಅಲುಗದಂತೆ ಬಂಧಿಸಿದ. ಹತ್ತನೇ ತರಗತಿ ದಾಟದ ಆ ಮನುಷ್ಯ ಒಂದು ನೋಟದಲ್ಲಿ ಹಿಡಿದದ್ದು, ಎಂಜಿನಿಯರಿಂಗ್ ಪದವೀಧರನ ಕಂಪ್ಯೂಟರ್ ಚಿತ್ರದಲ್ಲಿ ಎಲ್ಲಿಯೂ ಇರಲಿಲ್ಲ. ಇದು ಯುವಕನ ದೋಷವಲ್ಲ. ನಾಲ್ಕು ವರ್ಷ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿಸಿ, ಒಂದು ಥ್ರೆಡ್ಡನ್ನು ಕೈಯಿಂದ ಕತ್ತರಿಸುವ ಅವಕಾಶವನ್ನೇ ಕೊಡದೆ ನೇರ ಕಂಪ್ಯೂಟರಿನ ಮುಂದೆ ಕೂರಿಸಿದ ವ್ಯವಸ್ಥೆಯ ದೋಷ.

ಸೈಕಲ್ಲಿಗೆ ಇರುವ ಈ ಆಕಾರ ವೇದವಾಕ್ಯವೇನೂ ಅಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ‘ರೋವರ್’ ಸೈಕಲ್ಲನ್ನು ತರುವ ಮೊದಲು, ಮುಂದೆ ದೈತ್ಯ ಚಕ್ರ, ಹಿಂದೆ ಪುಟ್ಟ ಚಕ್ರವಿದ್ದ ಎತ್ತರದ ಸೈಕಲ್ಲೇ ಲೋಕರೂಢಿಯಾಗಿತ್ತು. ಥಾಮಸ್ ಸ್ಟೀವನ್ಸ್ ಅಂಥದೊಂದರ ಮೇಲೆ 1884ರಿಂದ 1886ರವರೆಗೆ ಪ್ರಪಂಚ ಸುತ್ತುತ್ತ, ನಮ್ಮ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲೂ ಸಾಗಿ ಹೋದ. ಒರಗಿ ಕುಳಿತು ತುಳಿಯುವ ಸೈಕಲ್ಲು ವೇಗದ ದಾಖಲೆ ಮುರಿದಾಗ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 1934ರಲ್ಲಿ ಅದನ್ನು ಅಧಿಕೃತ ಸ್ಪರ್ಧೆಗಳಿಂದ ಹೊರಗಿಟ್ಟಿತು. ಸ್ಕಾಟ್ಲೆಂಡಿನ ಗ್ರೇಮ್ ಓಬ್ರೀ ತಾನೇ ಕಟ್ಟಿದ ಸೈಕಲ್ಲಿಗೆ ಬಟ್ಟೆ ಒಗೆಯುವ ಯಂತ್ರದ ಬೇರಿಂಗನ್ನು ಅಳವಡಿಸಿ, 1993ರ ಜುಲೈ 17ರಂದು ನಾರ್ವೆಯ ಹಾಮಾರ್‌ನಲ್ಲಿ ಒಂದು ಗಂಟೆಯಲ್ಲಿ 51.596 ಕಿ.ಮೀ. ಕ್ರಮಿಸಿ ವಿಶ್ವದಾಖಲೆ ಮಾಡಿದ. ಮರುವರ್ಷ ಅವನ ಸವಾರಿಯ ಭಂಗಿಯನ್ನೂ ಒಕ್ಕೂಟ ನಿಷೇಧಿಸಿತು. ಡೇಟನ್ ನಗರದ ಸೈಕಲ್ ಅಂಗಡಿಯಲ್ಲಿ ಕೈ ಪಳಗಿಸಿಕೊಂಡ ರೈಟ್ ಸಹೋದರರು 1903ರಲ್ಲಿ ಹಾರಿದ ವಿಮಾನಕ್ಕೂ ಚೈನು, ಹಲ್ಲುಗಾಲಿಗಳೇ ಇದ್ದವು. ಹೊಸದು ಹುಟ್ಟುವುದು ಹೀಗೆ. ಇದ್ದದ್ದನ್ನು ಬಿಚ್ಚಿ, ಮಗುಚಿ, ಬೇರೆ ಬಗೆಯಲ್ಲಿ ಕೂಡಿಸಿ ನೋಡುವ ಒಂದು ಮೂಲೆ, ಒಂದಿಷ್ಟು ಬಿಡುವು, ಕೆಲವು ಉಪಕರಣಗಳು ಅದಕ್ಕೆ ಬೇಕು.

ಬೆಂಗಳೂರಿಗೆ ಇವೆಲ್ಲ ಇದ್ದವು. ಅವು ತಾವಾಗಿ ಬಂದವಲ್ಲ, ದೂರದೃಷ್ಟಿಯಿಂದ ಕಟ್ಟಿದವು. 1943ರಲ್ಲಿ ಇಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟಿನ ಹಿಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಒತ್ತಾಸೆಯಿತ್ತು. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಬಂತು. 1962ರಲ್ಲಿ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ರಾಜಾಜಿನಗರದಲ್ಲಿ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ತೆರೆಯಿತು. ಕೇರಳದ ನೆಟ್ಟೂರಿನಲ್ಲಿ 1959ರಲ್ಲಿ ಹುಟ್ಟಿದ ತಾಂತ್ರಿಕ ತರಬೇತಿ ಪ್ರತಿಷ್ಠಾನ ಪೀಣ್ಯದಲ್ಲಿ ನೆಲೆಯೂರಿತು. ಈ ಶಾಲೆಗಳಿಂದ, ಕಾರ್ಖಾನೆಗಳಿಂದ ಹೊರಬಂದವರೇ 1970ರ ದಶಕದಲ್ಲಿ ಬೆಳೆದ ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಷೆಡ್ಡುಗಳಲ್ಲಿ ಒಂದೊಂದು ಲೇತು, ಒಂದೊಂದು ಮಿಲ್ಲಿಂಗ್ ಯಂತ್ರ ಹಾಕಿಕೊಂಡು ಸ್ವಂತ ಕಾಲಮೇಲೆ ನಿಂತರು.

ನಗರದ ಇನ್ನೆರಡು ಅಂಚುಗಳ ಕಥೆ ಬೇರೆ. 1882ರಲ್ಲಿ ಮೈಸೂರು ಮಹಾರಾಜರು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ಬೇಸಾಯದ ವಸತಿಗೆಂದು 3,900 ಎಕರೆ ಭೂಮಿ ಕೊಟ್ಟದ್ದರಿಂದ ಬೆಳೆದ ವೈಟ್‌ಫೀಲ್ಡ್, 1990ರ ದಶಕದಲ್ಲಿ ಐಟಿ ಪಾರ್ಕಿನ ಊರಾಯಿತು. ಆರ್.ಕೆ. ಬಾಳಿಗರ ಕನಸಿನಂತೆ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ಈ ಮೂರೂ ಅಂಚುಗಳನ್ನು ಈಗ ಮೆಟ್ರೋ ಬೆಸೆದಿದೆ. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟಿನಲ್ಲಿ ರೈಲು ತಲುಪಿತು. ಊರುಗಳು ಕೂಡಿದವು, ಆದರೆ ಜನ ಕೂಡಿದರೇ? ನನ್ನ ಎದುರುಮನೆಯ ಯುವಕ ನಿತ್ಯ ಪೀಣ್ಯವನ್ನು ದಾಟಿಯೇ ವೈಟ್‌ಫೀಲ್ಡಿಗೆ ಹೋಗುತ್ತಾನೆ. ಆ ಸೈಕಲ್ಲಿನ ಕೆಲಸಕ್ಕೆ ಮುನ್ನ ಒಮ್ಮೆಯಾದರೂ ಅವನು ಪೀಣ್ಯದ ಷೆಡ್ಡೊಂದರ ಒಳಗೆ ಕಾಲಿಟ್ಟಿರಲಿಲ್ಲ. ಕಾಲಿಡಲು ಕಾರಣವೇ ಇರಲಿಲ್ಲ. ತಲೆಯಿಂದ ದುಡಿಯುವವರ ಬೆಂಗಳೂರು, ಕೈಯಿಂದ ದುಡಿಯುವವರ ಬೆಂಗಳೂರು ಒಂದೇ ರೈಲಿನಲ್ಲಿ ಕುಳಿತು ಒಂದನ್ನೊಂದು ನೋಡದೆ ಸಾಗುತ್ತಿವೆ.

ಈ ನಡುವೆ ಕೈಗೆ ಇದ್ದ ಜಾಗವೂ ಕುಗ್ಗುತ್ತಿದೆ. ನಾನು ಬಲ್ಲ ಬೀದಿಗಳಲ್ಲಿಯೇ ಕೆಲವು ಷೆಡ್ಡುಗಳು ಸರಕಿನ ಗೋದಾಮುಗಳಾಗಿವೆ. ಲೇತು ನಡೆಸುತ್ತಿದ್ದವರ ಮಕ್ಕಳು ಮೊಬೈಲಿನಲ್ಲಿ ಬಂದ ಆರ್ಡರುಗಳನ್ನು ಬೈಕಿನಲ್ಲಿ ಮನೆಮನೆಗೆ ತಲುಪಿಸುತ್ತಿದ್ದಾರೆ. ಅವರನ್ನು ದೂರುವಂತಿಲ್ಲ, ಎಣ್ಣೆ, ಮಸಿ, ಗದ್ದಲದ ನಡುವಿನ ಹತ್ತು ಗಂಟೆಗಳ ದುಡಿಮೆಗೆ ನಾವು ಕೊಟ್ಟ ಕೂಲಿಯೂ ಅಷ್ಟೆ, ಗೌರವವೂ ಅಷ್ಟೆ. ಇತ್ತ ಹೊಸ ಬಡಾವಣೆಗಳ ಅಪಾರ್ಟ್‌ಮೆಂಟುಗಳಲ್ಲಿ ಈಜುಕೊಳವಿದೆ, ಜಿಮ್ ಇದೆ, ಸಿನಿಮಾ ನೋಡುವ ಕೋಣೆಯೂ ಇದೆ. ಒಂದು ವೈಸ್ ಹಾಕಲು ಜಾಗವಿಲ್ಲ. ಬಾಲ್ಕನಿಯಲ್ಲಿ ಡ್ರಿಲ್ಲಿಂಗ್ ಮಾಡಿದರೆ ನಿವಾಸಿಗಳ ಸಂಘದ ನೋಟಿಸು ಬರುತ್ತದೆ. ಸೈಕಲ್ಲಿನ ಪಂಕ್ಚರು ಹಾಕಲು ಬಕೆಟ್ ನೀರು ತಂದರೆ ಕಾವಲುಗಾರ ಬಂದು ‘ಇಲ್ಲಿ ಮಾಡಬೇಡಿ ಸಾರ್’ ಎನ್ನುತ್ತಾನೆ. ಮಕ್ಕಳು ಬೆಳೆಯುವ ಮನೆಯಲ್ಲಿ ಯಾವ ವಸ್ತುವೂ ಬಿಚ್ಚಿಕೊಳ್ಳದಿದ್ದರೆ, ವಸ್ತುಗಳು ಒಳಗಿನಿಂದ ಹೇಗಿರುತ್ತವೆಂದು ಅವರಿಗೆ ತಿಳಿಯುವುದಾದರೂ ಎಂತು?

ಇದಕ್ಕಿಂತ ಮುಖ್ಯವಾದ, ಬಹುಶಃ ನಾವು ಗಮನಿಸದೇ ಇರುವ ಇನ್ನೊಂದು ಸಂಗತಿಯಿದೆ. ಮೋಟಾರು ವಾಹನಗಳ ಕಾಯ್ದೆ 1988ರ 52ನೆಯ ಸೆಕ್ಷನ್ ಪ್ರಕಾರ ವಾಹನದ ಮಾಲೀಕ ತನ್ನ ವಾಹನವನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾದ ಮಾರ್ಪಾಡು ಸಲ್ಲದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಸ್ಪಷ್ಟಪಡಿಸಿತು. ಸುರಕ್ಷತೆಯ ದೃಷ್ಟಿಯಿಂದ ಇದು ನ್ಯಾಯವಾದದ್ದೇ. ಆದರೆ ಸೈಕಲ್ಲಿಗೆ ಎಂಜಿನಿಲ್ಲ, ಹಾಗಾಗಿ ಅದು ಮೋಟಾರು ವಾಹನವಲ್ಲ. ಒಂದು ಕಾಲಕ್ಕೆ ಪುರಸಭೆಗಳು ಸೈಕಲ್ಲಿಗೂ ತೆರಿಗೆ ವಿಧಿಸಿ ಬಿಲ್ಲೆ ಕೊಡುತ್ತಿದ್ದವು, ರಾತ್ರಿ ದೀಪವಿಲ್ಲದಿದ್ದರೆ ಪೊಲೀಸರು ಹಿಡಿಯುತ್ತಿದ್ದರು. ಇಂದು ಅದಕ್ಕೆ ನೋಂದಣಿಯಿಲ್ಲ, ವಿಮೆಯಿಲ್ಲ, ಚಾಲನಾ ಪರವಾನಗಿಯಿಲ್ಲ. ಸಾಮಾನ್ಯ ಮನುಷ್ಯನೊಬ್ಬ ಯಾರ ಅಪ್ಪಣೆಯನ್ನೂ ಬೇಡದೆ ತನ್ನ ಕೈಯಾರೆ ಕಟ್ಟಿ, ತನ್ನ ಜವಾಬ್ದಾರಿಯಲ್ಲಿ ರಸ್ತೆಗಿಳಿಸಬಹುದಾದ ಕಡೆಯ ಯಂತ್ರ ಸೈಕಲ್ಲು. ನಮ್ಮ ಕೈಯಲ್ಲಿರುವ ಫೋನಿನ ಬೆನ್ನು ಬಿಚ್ಚಲಾಗದು. ಕಾರಿನ ಬಾನೆಟ್ ತೆರೆದರೆ ಕಾಣುವುದು ಒಂದು ಪ್ಲಾಸ್ಟಿಕ್ ಮುಚ್ಚಳ. ಇಂಥ ಕಾಲದಲ್ಲಿ ಎಲ್ಲ ಭಾಗಗಳೂ ಬಯಲಿಗೇ ಕಾಣುವ ಒಂದು ವಾಹನ ಉಳಿದಿರುವುದು ಸಣ್ಣ ಭಾಗ್ಯವಲ್ಲ. ಬಳಸದೆ ಬಿಟ್ಟ ಸ್ವಾತಂತ್ರ್ಯ ತುಕ್ಕು ಹಿಡಿಯುತ್ತದೆ; ಕಬ್ಬಿಣದಂತೆಯೇ.

ಈ ಮಾತಿಗೆ ಆಕ್ಷೇಪಗಳಿವೆ, ಅವು ಸಾಧುವೂ ಆಗಿವೆ. ನಾಲ್ಕೂವರೆ ಅಡಿ ಎತ್ತರದ ಸೈಕಲ್ಲಿನಿಂದ ಯಾರಿಗೆ ಏನು ಪ್ರಯೋಜನ? ಸಿಗ್ನಲ್ಲಿನಲ್ಲಿ ಕಾಲು ನೆಲಕ್ಕೆ ತಾಗುವುದಿಲ್ಲ. ಕಂಬ ಹಿಡಿದು ನಿಲ್ಲಬೇಕು, ಇಲ್ಲವೇ ಇಳಿಯಬೇಕು. ಬಿದ್ದರೆ ಎತ್ತರದಿಂದಲೇ ಬೀಳಬೇಕು. ನಿಜ, ಅದು ತುಮಕೂರು ರಸ್ತೆಯ ವಾಹನವಲ್ಲ. ನಾವು ಅದನ್ನು ತುಳಿಯುವುದು ಬೆಳಗಿನ ಹೊತ್ತು, ಖಾಲಿ ಮೈದಾನದಲ್ಲಿ, ಹೆಲ್ಮೆಟ್ ಧರಿಸಿ, ಎರಡೂ ಚಕ್ರಗಳಿಗೆ ಬ್ರೇಕು ಹಾಕಿಕೊಂಡು. ಹಳೆಯ ಸೈಕಲ್ಲಿನ ಸರಳು ಬ್ರೇಕು ಮಗುಚಿದ ಫ್ರೇಮಿಗೆ ಹೊಂದದಾದ್ದರಿಂದ ತಂತಿಯ ಬ್ರೇಕುಗಳನ್ನು ಅಳವಡಿಸಿದೆವು. ಅದು ಪ್ರಯಾಣದ ಸಾಧನವಲ್ಲ, ಕಲಿಕೆಯ ಸಾಧನ. ವೀಣೆ ಕಲಿಯುವ ಮಗುವಿಗೆ ಅದರಿಂದ ಪ್ರಯೋಜನವೇನೆಂದು ನಾವು ಕೇಳುವುದಿಲ್ಲ. ಕಬ್ಬಿಣ ಕಲಿಯುವವನಿಗೆ ಮಾತ್ರ ಏಕೆ ಆ ಪ್ರಶ್ನೆ?

ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣವಾದುದು. ಕೈಕೆಲಸವನ್ನು ಹೊಗಳುವುದು ಪಿಂಚಣಿಯವರ, ಐಟಿಯವರ ಭಾನುವಾರದ ಶೋಕಿ. ವಾರದ ಆರು ದಿನವೂ ವೆಲ್ಡಿಂಗ್ ಕಿಡಿಗೆ ಕಣ್ಣೊಡ್ಡುವವನಿಗೆ ಅದರಲ್ಲಿ ಯಾವ ಕಾವ್ಯವೂ ಕಾಣದು ಎಂಬುದು. ಇದನ್ನು ಅಲ್ಲಗಳೆಯಲಾಗದು. ಪೀಣ್ಯದಲ್ಲಿ ಇಂದಿಗೂ ಅನೇಕರಿಗೆ ಸೈಕಲ್ಲು ಹವ್ಯಾಸವಲ್ಲ, ಬಸ್ಸಿನ ದುಡ್ಡು ಉಳಿಸುವ ದಾರಿ. ರಾತ್ರಿ ಪಾಳಿ ಮುಗಿಸಿ ಹಿಂದೆ ದೀಪವಿಲ್ಲದ ಸೈಕಲ್ಲಿನಲ್ಲಿ, ಲಾರಿಗಳ ನಡುವೆ ಮನೆಗೆ ಹೊರಡುವವರನ್ನು ನಾನು ಮೂರು ದಶಕ ಕಂಡಿದ್ದೇನೆ. ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಗೂಟ ನೆಟ್ಟು ಗುರುತಿಸಿದ ಸೈಕಲ್ ಪಥ ಬಹುಕಾಲ ಬಾಳಲಿಲ್ಲ. ಕೈಗಾರಿಕಾ ಪ್ರದೇಶಗಳ ಒಳರಸ್ತೆಗಳಿಗೆ ಅಂಥ ಯೋಚನೆಯ ಸುಳಿವೂ ಕಾಣಲಿಲ್ಲ. ಆದರೆ ಕೈಕೆಲಸದವನ ಕಷ್ಟಕ್ಕೆ ಮೂಲ ಕಾರಣ ಕೈಕೆಲಸವಲ್ಲ, ಅದಕ್ಕೆ ಸಮಾಜ ಕೊಟ್ಟಿರುವ ಸ್ಥಾನ. ತಾನೇ ಒಂದು ಕೀಲನ್ನು ಅರದಲ್ಲಿ ಉಜ್ಜಿ, ಕೂಡಿಸಿ, ಸೋತು, ಮತ್ತೆ ಉಜ್ಜಿದ ಮನುಷ್ಯ, ಆ ಕೆಲಸ ಮಾಡುವವನ ಜೊತೆ ಚೌಕಾಸಿ ಮಾಡುವ ರೀತಿಯೇ ಬದಲಾಗುತ್ತದೆ. ಯುವಕ ಮೊದಲ ದಿನ ಲೇತಿನವನಿಗೆ ಕೊಟ್ಟ ಹಣದ ಬಗ್ಗೆ ‘ಇಷ್ಟು ಸಣ್ಣ ಕೆಲಸಕ್ಕೆ ಇಷ್ಟೊಂದಾ ಅಂಕಲ್?’ ಎಂದಿದ್ದ. ಕೊನೆಯ ವಾರ ಅವನೇ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟು ಬಂದ.

ಹಾಗಾದರೆ ಆಗಬೇಕಾದ್ದೇನು? ದೊಡ್ಡ ಯೋಜನೆಗಳನ್ನು ನಾನು ಕೇಳುತ್ತಿಲ್ಲ. ಮೊದಲನೆಯದಾಗಿ, ನಮ್ಮ ಸರ್ಕಾರಿ ಟೂಲ್ ರೂಮುಗಳು, ಐಟಿಐಗಳು, ಪಾಲಿಟೆಕ್ನಿಕ್‌ಗಳ ಕಾರ್ಯಾಗಾರಗಳು ರಜಾದಿನಗಳಲ್ಲಿ ಸಾರ್ವಜನಿಕರಿಗೆ ತೆರೆಯಲಿ. ಒಂದಿಷ್ಟು ಶುಲ್ಕ, ಅರ್ಧ ದಿನದ ಸುರಕ್ಷತಾ ಪಾಠ, ಮೇಲ್ವಿಚಾರಣೆಗೆ ಒಬ್ಬ ನಿವೃತ್ತ ಫೋರ್‌ಮನ್ ಇದ್ದರೆ ಸಾಕು. ಅಂಥ ಫೋರ್‌ಮನ್ನರು ಈ ಊರಿನ ಬೀದಿಬೀದಿಯಲ್ಲಿದ್ದಾರೆ, ಕರೆಯುವವರಿಲ್ಲ. ಎರಡನೆಯದು, ಮೆಟ್ರೋ ನಿಲ್ದಾಣಗಳ ಅಡಿಯ ಜಾಗ. ಹಲಸೂರು ನಿಲ್ದಾಣದಲ್ಲಿ ಹಿಂದೆ ಇಂಥದೊಂದು ಸಾರ್ವಜನಿಕ ಕಾರ್ಯಾಗಾರವನ್ನು ನಡೆಸಿ ತೋರಿಸಿದವರಿದ್ದಾರೆ. ಪೀಣ್ಯ, ಕಾಡುಗೋಡಿ, ಎಲೆಕ್ಟ್ರಾನಿಕ್ ಸಿಟಿ ನಿಲ್ದಾಣಗಳಲ್ಲಿ ಒಂದೊಂದು ಕೋಣೆ ಈ ಕೆಲಸಕ್ಕೆ ಮೀಸಲಾದರೆ, ಮೂರು ಅಂಚುಗಳ ಜನ ಮೊದಲ ಬಾರಿಗೆ ಒಂದೇ ಮೇಜಿನ ಸುತ್ತ ನಿಂತಾರು. 2025ರಲ್ಲಿ ಐದು ನಗರ ಪಾಲಿಕೆಗಳಾಗಿ ಹಂಚಿಹೋದ ಆಡಳಿತಕ್ಕೆ ಇದು ಭಾರವಾದ ಬೇಡಿಕೆಯೇನೂ ಅಲ್ಲ.

ಮೂರನೆಯದು ಶಾಲೆ. ಕೈಯ ಮೂಲಕವೇ ಶಿಕ್ಷಣವೆಂದು ಗಾಂಧೀಜಿ 1937ರ ವರ್ಧಾ ಸಮ್ಮೇಳನದಲ್ಲಿ ಹೇಳಿದ್ದನ್ನು ನಾವು ಭಾಷಣಗಳಿಗೆ ಬಿಟ್ಟುಕೊಟ್ಟೆವು. 2016ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಲ್ಲಿ ತ್ರಿ-ಡಿ ಮುದ್ರಣ ಯಂತ್ರಗಳಿವೆ, ಒಳ್ಳೆಯದೇ. ಅವುಗಳ ಪಕ್ಕದಲ್ಲಿ ಒಂದು ವೈಸು, ಒಂದು ಹಳೆಯ ಸೈಕಲ್ಲು ಇರಲಿ. ಕರ್ನಾಟಕ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚಿತು. ಆ ಯೋಜನೆ ಎಷ್ಟೋ ಹೆಣ್ಣುಮಕ್ಕಳನ್ನು ಪ್ರೌಢಶಾಲೆಯ ಬಾಗಿಲಿಗೆ ತಲುಪಿಸಿತು. ಕೋವಿಡ್ ಕಾಲದಲ್ಲಿ ಹಂಚಿಕೆ ನಿಂತಿತು. ಆದರೆ ಹಂಚುತ್ತಿದ್ದಾಗಲೂ ಸೈಕಲ್ಲಿನ ಜೊತೆಗೆ ಒಂದು ಸ್ಪ್ಯಾನರನ್ನೂ ಕೊಟ್ಟು, ಪಂಕ್ಚರು ಹಾಕುವ, ಚೈನು ಬಿಗಿ ಮಾಡುವ ಪಾಠವನ್ನು ಎಲ್ಲ ಶಾಲೆಗಳಲ್ಲೂ ಕಡ್ಡಾಯ ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ತೋಚಿದ್ದರೆ, ಶಾಲೆಯ ಮೂಲೆಗಳಲ್ಲಿ, ಹಟ್ಟಿಯ ಹಿಂದೆ ತುಕ್ಕು ಹಿಡಿದು ಬಿದ್ದ ಸೈಕಲ್ಲುಗಳಲ್ಲಿ ಬಹುಪಾಲು ಇನ್ನೂ ಓಡುತ್ತಿದ್ದವು. ಕೊಡುವುದು ಸುಲಭ, ಕೊಟ್ಟದ್ದರ ಒಡೆತನವನ್ನು ಕಲಿಸುವುದು ಕಷ್ಟ. ರಿಪೇರಿ ಮಾಡಲು ಬಾರದ ವಸ್ತುವಿನ ಮೇಲೆ ನಮಗೆ ಪೂರ್ಣ ಒಡೆತನವಿಲ್ಲ. ನಾವು ಅದರ ಬಾಡಿಗೆದಾರರು ಮಾತ್ರ.

ನಾಲ್ಕನೆಯದು ನಾವೇ ಮಾಡಬಹುದಾದದ್ದು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಹತ್ತಡಿ ಚದರದ ಒಂದು ಮೂಲೆ, ಒಂದು ಗಟ್ಟಿ ಮೇಜು, ನಿಗದಿತ ವೇಳೆ. ಅಷ್ಟನ್ನು ನಿವಾಸಿಗಳ ಸಂಘಗಳು ಕೊಟ್ಟರೆ, ಈಜುಕೊಳದಷ್ಟು ಖರ್ಚಿಲ್ಲದೆ ಮಕ್ಕಳಿಗೆ ಬೇರೊಂದು ಬಗೆಯ ಈಜನ್ನು ಕಲಿಸಿದಂತಾದೀತು.

ತಂತ್ರಜ್ಞಾನದ ರಾಜಧಾನಿ ಎಂದು ನಾವು ಬೆಂಗಳೂರನ್ನು ಕರೆದುಕೊಳ್ಳುತ್ತೇವೆ. ತಂತ್ರವೂ ಜ್ಞಾನವೂ ಒಂದೇ ಪದದಲ್ಲಿ ಕೂಡಿವೆ, ಆದರೆ ನಮ್ಮ ನಗರದಲ್ಲಿ ಅವೆರಡರ ನಡುವೆ ಒಂದು ತಾಸಿನ ರೈಲು ಪ್ರಯಾಣವಿದೆ. ಈ ದೂರವನ್ನು ಕಡಿಮೆ ಮಾಡದಿದ್ದರೆ ಪೀಣ್ಯ ಬರಿಯ ಗೋದಾಮುಗಳ ಊರಾದೀತು, ವೈಟ್‌ಫೀಲ್ಡ್ ಬೇರೆಯವರು ಮಾಡಿದ ಯಂತ್ರಗಳಿಗೆ ಸೂಚನೆ ಬರೆಯುವ ಊರಾಗಿಯೇ ಉಳಿದೀತು. ಮುಂದೊಂದು ದಿನ ಯಾರಾದರೂ ಹೊಸ ಯಂತ್ರವೊಂದರ ಚಿತ್ರ ಹಿಡಿದು ಈ ನಗರಕ್ಕೆ ಬಂದಾಗ, ಅದನ್ನು ಕೈಯಲ್ಲಿ ಹೊರಳಿಸಿ ನೋಡಿ ‘ಥ್ರೆಡ್ಡು ಉಲ್ಟಾ ಆಗುತ್ತಲ್ಲ ಸಾರ್’ ಎನ್ನುವ ಮನುಷ್ಯ ಇಲ್ಲಿ ಇರಬೇಕು. ಅವನ ವಿದ್ಯೆ ಪುಸ್ತಕದಲ್ಲಿಲ್ಲ, ಕೈಯಿಂದ ಕೈಗೆ ಮಾತ್ರ ದಾಟುತ್ತದೆ. ಪಡೆದುಕೊಳ್ಳುವ ಕೈ ಇಲ್ಲದಿದ್ದರೆ ಅದು ಅವನೊಂದಿಗೇ ಮುಗಿಯುತ್ತದೆ.